ತಾನೇ ಇಟ್ಟುಕೊಂಡ ಹೆಸರು, ಬೇರೆಯವರ ಬಾಯಲ್ಲಿ

(ಪ್ರಕರಣ ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಹೆಸರು, ಕೆಲಸ, ಊರಿನ ವಿವರ ಬದಲಿಸಿದ್ದೇನೆ.)

ಚಂದ್ರು ಎನ್ನೋಣ. ವಯಸ್ಸು 26. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು. ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುವುದು, ಸೋಮವಾರ ಕ್ಯಾಂಟೀನಿನ ಕಡೆ ಹೋಗಲು ಮನಸ್ಸಾಗದೆ ಊಟದ ಡಬ್ಬಿಯನ್ನು ಡೆಸ್ಕಿನಲ್ಲೇ ಬಿಚ್ಚುವುದು. ಕೆಲಸದ ಒತ್ತಡವೇ ಎಂದು ಕೇಳಿದೆ. ಅಲ್ಲ ಎಂದರು. ವಿಷಯ ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ.

ಇನ್‌ಸ್ಟಾಗ್ರಾಮಿನಲ್ಲಿ ಅವರು ತಮ್ಮ ಹೆಸರಿನ ಜೊತೆ ‘ಮಾದಿಗ’ ಎಂದು, ಪರಿಶಿಷ್ಟ ಜಾತಿಗೆ ಸೇರಿದ ತಮ್ಮ ಸಮುದಾಯದ ಹೆಸರನ್ನು ಸೇರಿಸಿಕೊಂಡಿದ್ದರು. ಬೇರೆ ಜಾತಿಯ ಗೆಳೆಯನೊಬ್ಬ ಮೊದಲು ಬೆನ್ನು ತಟ್ಟಿದ. ಆಮೇಲೆ “ಏ ಮಾದಿಗ, ಟೀಗೆ ಬಾರೋ” ಎಂದು ಶುರುಮಾಡಿದ, ಸಲಿಗೆಯಿಂದಲೇ. ಚಂದ್ರು ನಕ್ಕರು. ಕ್ರಮೇಣ ಆ ಟೇಬಲ್ಲಿನವರೆಲ್ಲ ಹಾಗೇ ಕರೆಯತೊಡಗಿದರು. ಹೊಸದಾಗಿ ಸೇರಿದ ಹುಡುಗನೊಬ್ಬ, ಇವರ ನಿಜವಾದ ಹೆಸರು ಏನೆಂದೇ ತಿಳಿಯದವನು, ಲಿಫ್ಟಿನಲ್ಲಿ ಹತ್ತು ಜನರ ನಡುವೆ ಅದೇ ಹೆಸರು ಹಿಡಿದು ಕೂಗಿದ. ಅವತ್ತೂ ಚಂದ್ರು ನಕ್ಕರು. ನಿದ್ದೆ ಕೆಟ್ಟದ್ದು ಆ ರಾತ್ರಿಯಿಂದ.

“ನಾನೇ ಹಾಕ್ಕೊಂಡಿರೋ ಹೆಸರು ಮೇಡಂ. ಕರೀಬೇಡಿ ಅನ್ನೋಕೆ ನನಗೆ ಯಾವ ಬಾಯಿದೆ?”

ನಾನು ಆ ಸಮುದಾಯದವಳಲ್ಲ. ಅದನ್ನು ಮೊದಲೇ ಹೇಳಿ, ಈ ಕೋಣೆಯಲ್ಲಿ ಆ ಪದವನ್ನು ನಾನು ಹೇಗೆ ಆಡಲಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಸಮುದಾಯದ ಬಗ್ಗೆ ಮಾತಾಡುವಾಗ ಹೇಳಿ, ನನ್ನನ್ನ ಕರೆಯೋಕೆ ಬೇಡ” ಎಂದರು. ತಮ್ಮ ಪ್ರಶ್ನೆಗೆ ತಾವೇ ಅರ್ಧ ಉತ್ತರ ಕೊಟ್ಟುಕೊಂಡಿದ್ದರು. ಅದು ಅವರ ಗಮನಕ್ಕೆ ಬಂದಿರಲಿಲ್ಲ, ನಾನೂ ಆಗಲೇ ಎತ್ತಿ ತೋರಿಸಲಿಲ್ಲ.

ಮನೆಯಲ್ಲಿ ಇನ್ನೊಂದು ಗಂಟಿತ್ತು. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಪಾಲು ಮಾಡಲು, ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ ನಡೆಯಿತಲ್ಲ, ಗಣತಿದಾರರು ಇವರ ಬಾಡಿಗೆ ಮನೆಗೂ ಬಂದಿದ್ದರು. ಬಾಗಿಲಲ್ಲಿ ನಿಂತ ಅಪ್ಪ ತಗ್ಗಿದ ದನಿಯಲ್ಲಿ “ಎಕೆ” ಎಂದರು. ಎಕೆ ಅಂದರೆ ಆದಿ ಕರ್ನಾಟಕ. ಎಡಗೈ ಅಂದರೆ ಮಾದಿಗರು, ಬಲಗೈ ಅಂದರೆ ಹೊಲೆಯರು. “ಎಕೆ ಅಂದ್ರೆ ಎಡಗೈನೋ ಬಲಗೈನೋ ಸಾರ್, ಅದನ್ನೇ ಬರೀಬೇಕು” ಎಂದು ಗಣತಿಗೆ ಬಂದಾಕೆ ಮೊಬೈಲ್ ಹಿಡಿದು ಕಾದರು. ಮೆಟ್ಟಿಲ ಮೇಲೆ ಮನೆ ಓನರ್ ಹೆಂಡತಿ ನಿಂತಿದ್ದಾರೆ. ಒಳಗಿನಿಂದ ಚಂದ್ರು ಗಟ್ಟಿಯಾಗಿ ಹೇಳಿದರು: “ಮಾದಿಗ. ಹಾಗೇ ಬರ್ಕೊಳ್ಳಿ.” ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. ಅಂದಿನಿಂದ ತಂದೆ ಮಗ ಬೇಕಾದಷ್ಟೇ ಮಾತು.

ಆ ಬಾಗಿಲಲ್ಲಿ ಆದದ್ದು ಬರೀ ಒಂದು ಮನೆಯ ಜಗಳವಲ್ಲ ಎಂದು ನನಗನಿಸಿತು. ಅವಮಾನದ ಹೆಸರು ಬೇಡವೆಂದು 1920ರ ದಶಕದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಚಾಲ್ತಿಗೆ ಬಂದವು. ಒಂದು ತಲೆಮಾರಿಗೆ ಅದು ದೊಡ್ಡ ನೆರಳು. ಆದರೆ ಒಂದು ಜಿಲ್ಲೆಯಲ್ಲಿ ಎಡಗೈಯವರು ಎಕೆ, ಇನ್ನೊಂದರಲ್ಲಿ ಬಲಗೈಯವರು ಎಕೆ ಆಗಿ, ಯಾರ ಪಾಲು ಎಷ್ಟೆಂದು ಲೆಕ್ಕ ಹಾಕುವುದೇ ಕಷ್ಟವಾಯಿತು. ಇನ್ನೊಂದು ಕಡೆ, 1994ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಈದುಮುಡಿಯಲ್ಲಿ ಮಾದಿಗ ಮೀಸಲಾತಿ ಪೋರಾಟ (ಹೋರಾಟ) ಸಮಿತಿ ಕಟ್ಟಿದ ಮಂದ ಕೃಷ್ಣ ಅವರು ತಮ್ಮ ಹೆಸರಿನ ಕೊನೆಗೇ ಮಾದಿಗ ಎಂದು ಸೇರಿಸಿಕೊಂಡರು. ಬೈಯಲು ಬಳಸುತ್ತಿದ್ದ ಹೆಸರು ರೆಡ್ಡಿ, ಶರ್ಮ, ರಾವ್‌ಗಳ ಜಾಗದಲ್ಲಿ ಬಂದು ಕೂತಿತು. ದಂಡೋರ ಎಂದೇ ಹೆಸರಾದ ಆ ಹೋರಾಟದ ಗಾಳಿ ಗಡಿ ದಾಟಿ ಕರ್ನಾಟಕಕ್ಕೂ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಬಿಟ್ಟುಕೊಟ್ಟಿತು.

ಹಾಗಾಗಿ ಬೈಗುಳವನ್ನು ಸಮುದಾಯ ತನ್ನದಾಗಿಸಿಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಆಗಲೇ ಮಾಡಿಕೊಂಡಿದ್ದಾರೆ ಎನ್ನುತ್ತೇನೆ. ಆದರೆ ಆ ಹೆಸರಿನ ಹಿಂದೆ ಸಾವಿರಾರು ಜನ ಇದ್ದರು, ಒಂದು ಬೇಡಿಕೆ ಇತ್ತು. ಕ್ಯಾಂಟೀನಿನಲ್ಲಿ ಚಂದ್ರು ಹಿಂದೆ ಯಾರೂ ಇರಲಿಲ್ಲ. ಪದ ಅದೇ, ಆಡುವವರು ಮಾತ್ರ ಬೇರೆ.

ಗೆಳೆಯನ ವಾದವೂ ತಮಾಷೆಯದು. ಬಸವಣ್ಣನೇ ಮಾದಾರ ಚೆನ್ನಯ್ಯನನ್ನು ಅಪ್ಪ ಎಂದಿಲ್ಲವೇ, ನಾನು ಕರೆದರೆ ಏನು ತಪ್ಪು ಎಂದು ಒಮ್ಮೆ ಕೇಳಿದ್ದನಂತೆ. ಬಸವಣ್ಣ ಆ ನೆಂಟಸ್ತಿಕೆಯನ್ನು ತನ್ನ ಮೈಮೇಲೆ ಎಳೆದುಕೊಂಡವನು, ಅದಕ್ಕೆ ಬೆಲೆ ತೆತ್ತವನು. ಟೀ ಕುಡಿಯಲು ಬಾರೋ ಎಂದು ಚೆನ್ನಯ್ಯನನ್ನು ಜಾತಿ ಹಿಡಿದು ಕೂಗಿದವನಲ್ಲ. ಇದನ್ನು ಕೇಳಿ ಚಂದ್ರು ಆ ದಿನ ಮೊದಲ ಬಾರಿ ಮನಸಾರೆ ನಕ್ಕರು.

ಕಾನೂನಿನ ವಿಷಯ ಹೇಳುವುದು ನನ್ನ ಕರ್ತವ್ಯ, ಹೇಳಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಪರಿಶಿಷ್ಟರನ್ನು ಜಾತಿ ಹೆಸರು ಹಿಡಿದು ನಿಂದಿಸುವುದು ಅಪರಾಧ. ಉತ್ತರ ಭಾರತದ ಇಂಥದೇ ಒಂದು ಜಾತಿ ಹೆಸರಿನ ಬಗ್ಗೆ 2008ರಲ್ಲಿ ಸುಪ್ರೀಂ ಕೋರ್ಟ್, ಅದು ಮೂಲದಲ್ಲಿ ಜಾತಿಯ ಹೆಸರೇ ಆಗಿದ್ದರೂ ಇವತ್ತು ಜನ ಯಾವ ಅರ್ಥದಲ್ಲಿ ಆಡುತ್ತಾರೆ ಎಂಬುದನ್ನು ನೋಡಬೇಕು ಎಂದಿತು. ಚಂದ್ರುಗೆ ಹೆಚ್ಚು ನಾಟಿದ್ದು ಇನ್ನೊಂದು ಅಂಶ. ಆ ಸೆಕ್ಷನ್ ಶುರುವಾಗುವುದೇ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ವ್ಯಕ್ತಿ ಎಂಬಲ್ಲಿಂದ. ಒಳಗಿನವರ ಬಾಯಿಗೂ ಹೊರಗಿನವರ ಬಾಯಿಗೂ ಇರುವ ವ್ಯತ್ಯಾಸವನ್ನು ಕಾನೂನೇ ಒಪ್ಪಿದೆ. ತಮಗೆ ಅನಿಸುತ್ತಿರುವುದು ಹುಚ್ಚಲ್ಲ ಎಂದು ತಿಳಿದದ್ದೇ ಅವರಿಗೆ ದೊಡ್ಡ ಸಮಾಧಾನ. ದೂರು ಕೊಡುವ ಇಚ್ಛೆ ಅವರಿಗಿರಲಿಲ್ಲ. ಕೊಡುವುದಾದರೆ ವಕೀಲರನ್ನು ಕಾಣಿ, ಕೊಡದಿದ್ದರೂ ಯಾರು, ಯಾವತ್ತು, ಏನೆಂದರು ಎಂದು ಬರೆದಿಟ್ಟುಕೊಳ್ಳಿ ಎಂದೆ.

ಗೆಳೆಯನಿಗೆ ಹೇಳಲು ಒಂದೇ ವಾಕ್ಯ ಸಿದ್ಧಮಾಡಿದೆವು: “ಆ ಹೆಸರು ಹಿಡಿದು ನೀನು ಕರೀಬೇಡ.” ಕಾರಣ ಬೇಡ, ಸಾರಿ ಬೇಡ, ನಗು ಬೇಡ. ನಗದೆ ಹೇಳುವುದೇ ಅವರಿಗೆ ಕಷ್ಟವಾದದ್ದು. ಕೋಣೆಯಲ್ಲಿ ಮತ್ತೆ ಮತ್ತೆ ಹೇಳಿಸಿದೆ. ಪ್ರತಿ ಸಲವೂ ಕೊನೆಯಲ್ಲಿ ಒಂದು ಹಲ್ಕಿರಿಯುವಿಕೆ ತಾನಾಗಿ ಬರುತ್ತಿತ್ತು. ಆ ನಗು ಎಲ್ಲಿ ಕಲಿತದ್ದು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪನ್ನ ನೋಡಿ” ಎಂದರು.

ಅಪ್ಪ ಒಮ್ಮೆ ಬಂದರು. ಸರ್ಕಾರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಊರ ಹೋಟೆಲ್ಲಿನಲ್ಲಿ ತಮಗಾಗಿ ಸೂರಿಗೆ ಸಿಕ್ಕಿಸಿರುತ್ತಿದ್ದ ಲೋಟದ ಬಗ್ಗೆ ಹೇಳಿದರು. ಕುಡಿದು ತಾವೇ ತೊಳೆದು ಅಲ್ಲೇ ಸಿಕ್ಕಿಸಬೇಕು. “ಆ ಮಾತು ಕೇಳಿದ್ರೆ ಈಗ್ಲೂ ನನ್ ಕೈ ತಾನಾಗೇ ಹೆಗಲ ಮೇಲಿನ ಟವೆಲ್ಲಿಗೆ ಹೋಗ್ತದಮ್ಮ, ತೆಗ್ದು ಕಂಕುಳಲ್ಲಿ ಇಟ್ಕೊಳೋಕೆ. ಇವನು ಅದನ್ನ ಫೋನಲ್ಲಿ ಹಾಕ್ಕೊಂಡು ಮೆರೀತಾನೆ.” ಹೇಳುತ್ತಿರುವಾಗಲೇ ಅವರ ಬಲಗೈ ಹೆಗಲಿಗೆ ಹೋಗಿತ್ತು, ಟವೆಲ್ ಇಲ್ಲದ ಹೆಗಲಿಗೆ. ಮಗ ಅದನ್ನು ನೋಡಿದರು.

ಇಬ್ಬರಿಗೂ ನಾನು ಹೇಳಿದ್ದು ಇಷ್ಟು. ಮಗ ಆ ಹೆಸರನ್ನು ತನ್ನದಾಗಿಸಿಕೊಂಡದ್ದು ಸರಿ. ಅದನ್ನು ತೆಗೆಸಲು ಅಪ್ಪ ಹಟ ಹಿಡಿಯಬಾರದು. ಆದರೆ ಬಾಗಿಲಲ್ಲಿ ಅಪ್ಪನ ಪರವಾಗಿ ಕೂಗಲು ಮಗನಿಗೆ ಹಕ್ಕಿಲ್ಲ. ಸಮೀಕ್ಷೆಯಲ್ಲಿ ಸರಿಯಾದ ಹೆಸರು ಬರೆಸಬೇಕಿತ್ತು, ನಿಜ. ಅದನ್ನು ಗಣತಿದಾರರನ್ನು ಒಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ ಬರೆಸಬಹುದಿತ್ತು. ಆ ಪದ ಮಗನಿಗೆ ಬಾವುಟ, ಅಪ್ಪನಿಗೆ ಇನ್ನೂ ಮಾಯದ ಗಾಯ. ಎರಡೂ ಒಂದೇ ಮನೆಯಲ್ಲಿ ಇರಬಹುದು. ಒಬ್ಬರು ಇನ್ನೊಬ್ಬರನ್ನು ತಿದ್ದಲು ಹೋಗದಿದ್ದರೆ ಸಾಕು.

ಆಫೀಸಿನಲ್ಲಿ ಚಂದ್ರು ಆ ವಾಕ್ಯ ಹೇಳಿದರು. “ನೀನೇ ಹಾಕ್ಕೊಂಡಿದೀಯಲ್ಲ ಮಗಾ” ಎಂದ ಗೆಳೆಯ. “ಹೌದು, ನಾನು ಹಾಕ್ಕೊಂಡಿದೀನಿ” ಎಂದು ಇವರು ಎದ್ದು ಹೋದರು. ಕೆಲವು ದಿನ ಮಾತಿಲ್ಲ. ಆಮೇಲೆ ಗೆಳೆಯನೇ ಬಂದು ಟೀಗೆ ಕರೆದ, ಚಂದ್ರು ಎಂದು. ಟೇಬಲ್ಲಿನ ಇನ್ನೊಬ್ಬ ಮಾತ್ರ ಇವರನ್ನು ಕಂಡರೆ ಈಗ ‘ಸರ್’ ಎನ್ನುತ್ತಾನೆ, ಅದರಲ್ಲಿನ ಕೊಂಕು ಗೊತ್ತಾಗುವ ಹಾಗೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಆದರೆ ಡಬ್ಬಿ ಮತ್ತೆ ಕ್ಯಾಂಟೀನಿಗೆ ಹೋಗುತ್ತಿದೆ.

ಕೊನೆಯ ಭೇಟಿಗೆ ಹೊಸ ಜಗಳ ತಂದಿದ್ದರು. ತಂಗಿಯ ಮದುವೆ ಗೊತ್ತಾಗಿದೆ, ಲಗ್ನಪತ್ರಿಕೆಯಲ್ಲಿ ತನ್ನ ಹೆಸರಿನ ಜೊತೆ ಮಾದಿಗ ಎಂದು ಅಚ್ಚಾಗಬೇಕು ಎಂಬುದು ಇವರ ಆಸೆ. ಬೇಡ ಎಂದು ಅಪ್ಪ. ತಂಗಿಯನ್ನು ಕೇಳಿದಿರಾ ಎಂದೆ. ಇಬ್ಬರೂ ಕೇಳಿರಲಿಲ್ಲ. ಆಮೇಲೆ ಫೋನ್ ಮಾಡಿ ಅವಳು ಹೇಳಿದ್ದನ್ನು ತಿಳಿಸಿದರು: “ನಿಂದು ಹೇಗಾದ್ರೂ ಹಾಕ್ಸಣ್ಣ, ನನ್ನ ಹೆಸರಿನ ಜೊತೆ ಏನೂ ಬೇಡ. ಮೊದಲು ಛತ್ರಕ್ಕೆ ದಾರಿ ಹಾಕ್ಸಿ, ಯಾರಿಗೂ ಗೊತ್ತಾಗಲ್ಲ.”