ಗುಂಡಿ ಸರ ಬಿಚ್ಚಬೇಕೇ?

ಅಮೆರಿಕದ ಹಳೇ ಸಾಮಾನಿನ ಅಂಗಡಿಯಲ್ಲಿ ಮುನ್ನೂರು ಚಿಲ್ಲರೆ ಗುಂಡಿ ಪೋಣಿಸಿದ ಸರ ಕೊಂಡಿದ್ದೀರಿ, ಬಿಚ್ಚಿ ಗಾಜಿನವು ಬೇರೆ, ಹಿತ್ತಾಳೆಯವು ಬೇರೆ ಮಾಡಿ ಇಡಬಹುದೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಚ್ಚಬೇಡಿ. ನಾನು ಕೊಂಡ ಮೊದಲ ಸರವನ್ನು ಹಾಗೇ ಬಿಚ್ಚಿ ಡಬ್ಬಿಗಳಿಗೆ ಹಾಕಿದೆ. ಗುಂಡಿ ಎಲ್ಲವೂ ಉಳಿದಿವೆ, ಸರ ಹೋಯಿತು. ಆ ಸಂಕಟ ಇನ್ನೂ ಇದೆ.

ಇದಕ್ಕೆ ಅಲ್ಲಿ ಚಾರ್ಮ್ ಸ್ಟ್ರಿಂಗ್ ಅಂತಾರೆ. ಸುಮಾರು 1860ರಿಂದ 1900ರವರೆಗೆ ಹುಡುಗಿಯರು ಕಟ್ಟುತ್ತಿದ್ದ ಸರ. ಗುಂಡಿಯನ್ನು ದುಡ್ಡು ಕೊಟ್ಟು ತರುವಂತಿಲ್ಲ, ನೆಂಟರೋ ಗೆಳತಿಯರೋ ಕೊಡಬೇಕು. ಒಂದರ ಹಾಗೆ ಇನ್ನೊಂದು ಇರಕೂಡದು. 999 ಸೇರಿದ ಮೇಲೆ ಸಾವಿರನೆಯದನ್ನು ತಂದುಕೊಡುವವನೇ ಅವಳ ಗಂಡನಾಗುತ್ತಾನೆ ಅನ್ನೋದು ನಂಬಿಕೆ. ಮದುವೆಗೆ ಮೊದಲೇ ಸಾವಿರ ತುಂಬಿಬಿಟ್ಟರೆ ಮದುವೆಯೇ ಆಗದು ಅಂತ ಉಲ್ಟಾ ಹೇಳುವವರೂ ಇದ್ದರು.

ಅಂದರೆ ಒಂದೊಂದು ಗುಂಡಿಯೂ ಒಬ್ಬೊಬ್ಬರು ಕೊಟ್ಟದ್ದು. ಪೋಣಿಸಿದ ಕ್ರಮ ಅಂದರೆ ಬಂದ ಕ್ರಮ. ನನ್ನ ಎರಡನೇ ಸರದಲ್ಲಿ ಹದ್ದಿನ ಚಿತ್ರದ ಹಿತ್ತಾಳೆ ಗುಂಡಿ ಇದೆ, ಸೈನಿಕರ ಕೋಟಿನದು. ಹದ್ದಿನ ರೆಕ್ಕೆ ಬೆರಳು ತಾಗಿ ತಾಗಿ ಸವೆದಿದೆ. ಅದರಾಚೆ ಮೂರನೆಯದು ಕರಿಗಾಜಿನ ಪುಟ್ಟ ಗುಂಡಿ, ಹೆಚ್ಚುಕಮ್ಮಿ ಕಾಳುಮೆಣಸಿನಷ್ಟು. ಕಪ್ಪು ಅಂದಾಕ್ಷಣ ಸಾವಿನ ಗುರುತು ಅನ್ನಲಾಗದು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕಡೇತನಕ ಕಪ್ಪನ್ನೇ ಉಟ್ಟಳು, ಅದೇ ಫ್ಯಾಷನ್ ಆಯಿತು, ಜೆಟ್ ಅನ್ನೋ ದುಬಾರಿ ಕರಿ ಒಡವೆಕಲ್ಲು ಕೊಳ್ಳಲಾಗದವರು ಕರಿಗಾಜು ಹಾಕಿದರು. ಆದರೂ ಆ ಎರಡನ್ನು ಅಷ್ಟು ಹತ್ತಿರ ಕಂಡಾಗ ಯಾರ ಅಣ್ಣನೋ ಅನ್ನಿಸದೆ ಇರದು. ಡಬ್ಬಿಗೆ ಹಾಕಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮೊದಲು ದಾರ ನೋಡಿ. ಬಿಡಿ ಗುಂಡಿಗಳನ್ನು ಹೊಸ ದಾರಕ್ಕೆ ಪೋಣಿಸಿ ಹಳೇ ಸರ ಅಂತ ಮಾರುವುದೂ ಉಂಟು. ಗಂಟು ಬಿದ್ದು, ಬೇರೆ ಬಣ್ಣದ ನೂಲು ಸೇರಿಸಿ ಉದ್ದ ಮಾಡಿದ್ದರೆ ಒಳ್ಳೆಯ ಲಕ್ಷಣ. ತುದಿಯಲ್ಲಿ ದೊಡ್ಡ ಗುಂಡಿ ಇದ್ದರೆ ಅದಕ್ಕೆ ಟಚ್ ಬಟನ್ ಅಂತ ಹೆಸರು. ಕಪ್ಪು ರಬ್ಬರ್ ಗುಂಡಿಯ ಬೆನ್ನಿಗೆ ಗುಡ್‌ಇಯರ್, 1851 ಅಂತ ಇದ್ದರೆ ಅದು ಪೇಟೆಂಟ್ ವರ್ಷ, ಗುಂಡಿ ಅದಕ್ಕಿಂತ ಈಚಿನದು.

ನೀರು ತಾಗಿಸಬೇಡಿ, ಗುಂಡಿಯ ಬೆನ್ನಿಗಿರುವ ಕಬ್ಬಿಣದ ಕುಣಿಕೆ ತುಕ್ಕು ಹಿಡಿಯುತ್ತದೆ. ಮೆತ್ತನೆ ಬ್ರಷ್ ಸಾಕು. ಒಂದೇ ಒಂದು ಕಡೆ ನಾನು ರಾಜಿಯಾಗುತ್ತೇನೆ: ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ಕಿನ ಗುಂಡಿ ಬಿರುಕುಬಿಟ್ಟು ಕರ್ಪೂರದಂತೆಯೋ ಹುಳಿಯಾಗಿಯೋ ನಾತ ಹೊಡೆಯುತ್ತಿದ್ದರೆ ಅದನ್ನು ತೆಗೆಯಲೇಬೇಕು, ಅದರ ಆವಿ ಪಕ್ಕದ ಲೋಹವನ್ನು ತಿನ್ನುತ್ತದೆ. ತೆಗೆಯುವ ಮುಂಚೆ ಟಚ್ ಬಟನ್ನಿನಿಂದ ಎಣಿಸಿ, ಎಷ್ಟನೆಯದು ಅಂತ ಬರೆದಿಟ್ಟು, ಇಡೀ ಸರದ ಫೋಟೋ ತೆಗೆದುಕೊಳ್ಳಿ.