ಕ್ಯೋಟೊದ ಹಳೆಯ ರಿಯೋಕಾನ್‌ನಲ್ಲಿ ಸಸ್ಯಾಹಾರಿಗಳು ತಂಗಬಹುದೇ? ಅಷ್ಟು ಹಣ ಕೊಡುವುದು ಸರಿಯೇ?

ಏಪ್ರಿಲ್‌ನಲ್ಲಿ ಪತ್ನಿಯೊಡನೆ ಜಪಾನಿಗೆ ಹೊರಟಿದ್ದೀರಿ. ಕ್ಯೋಟೊದಲ್ಲಿ ಊಟಕ್ಕೆ ಹೆಸರಾದ ಹಳೆಯ ರಿಯೋಕಾನ್ (ಜಪಾನಿ ಸಂಪ್ರದಾಯದ ತಂಗುಮನೆ) ಒಂದರಲ್ಲಿ ಒಂದು ರಾತ್ರಿ ತಂಗುವ ಆಸೆಯಿದೆ, ಆದರೆ ಪತ್ನಿ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಯಾದ್ದರಿಂದ ಊಟವನ್ನು ಬಿಟ್ಟು ಕೋಣೆಯನ್ನಷ್ಟೇ ಕಾದಿರಿಸಿದರೆ ಹೇಗೆ ಎಂದು ಕೇಳಿದ್ದೀರಿ. ನಾನು ಸಸ್ಯಾಹಾರಿ, ನಮ್ಮ ಯಜಮಾನರು ಮೀನು ತಿನ್ನುತ್ತಾರೆ. ಒಸಾಕದಲ್ಲಿ ಆರು ವರ್ಷ ಇದ್ದ ಕಾಲದಲ್ಲಿ ಇಂಥ ಮನೆಗಳಲ್ಲಿ ಮೂರು ಬಾರಿ ತಂಗಿದ್ದೇವೆ. ಖಂಡಿತ ಹೋಗಿ, ಊಟ ಸಹಿತವೇ ಹೋಗಿ. ಊಟವನ್ನು ಬಿಡುವುದಾದರೆ ಆ ಹಣದಲ್ಲಿ ಒಳ್ಳೆಯ ಹೋಟೆಲಿನಲ್ಲಿ ಮೂರು ನಾಲ್ಕು ರಾತ್ರಿ ಇರಬಹುದು, ರಿಯೋಕಾನ್ ಬೇಕಾಗಿಯೇ ಇಲ್ಲ.

ಹೀಗೆ ಹೇಳಲು ಕಾರಣವಿದೆ. ರಿಯೋಕಾನ್‌ನ ದರವನ್ನು ಸಾಮಾನ್ಯವಾಗಿ ಕೋಣೆಗೆ ಹಾಕುವುದಿಲ್ಲ, ತಲೆಗೆ ಹಾಕುತ್ತಾರೆ. ಅದರಲ್ಲಿ ರಾತ್ರಿಯ ಊಟ, ಬೆಳಗಿನ ಊಟ ಎರಡೂ ಸೇರಿರುತ್ತವೆ. ಇದಕ್ಕೆ ‘ಇಪ್ಪಾಕು ನಿಶೋಕು’, ಅಂದರೆ ಒಂದು ರಾತ್ರಿ ಎರಡು ಊಟ, ಎಂಬ ಮಾತೇ ಇದೆ. ನಗರದ ನಡುವಿನ ಹೆಸರಾಂತ ಮನೆಗಳಲ್ಲಿ ತಲೆಗೆ 50,000 ಯೆನ್ ದಾಟುವುದು ಸಾಮಾನ್ಯವಾದ್ದರಿಂದ, ಇಬ್ಬರ ಲೆಕ್ಕ ಹಾಕಿಯೇ ತೀರ್ಮಾನಿಸಿ. ಫುಯಾಚೊ ಎಂಬ ಕಿರಿದಾದ ರಸ್ತೆಯಲ್ಲಿ ಎದುರುಬದುರಾಗಿ ಎರಡು ಪ್ರಸಿದ್ಧ ಮನೆಗಳಿವೆ. ಒಂದು ತವರಾಯ, ಮುನ್ನೂರು ವರ್ಷ ದಾಟಿದ್ದರೂ ಅಲ್ಲಿರುವುದು ಕೇವಲ 18 ಕೋಣೆ. ಇನ್ನೊಂದು 1818ರಲ್ಲಿ ಆರಂಭವಾದ ಹೀರಾಗಿಯ. ನೊಬೆಲ್ ಪಡೆದ ಲೇಖಕ ಕವಾಬಾತ ಯಾಸುನಾರಿಯವರೂ ಚಾರ್ಲಿ ಚಾಪ್ಲಿನ್ ಅವರೂ ಅಲ್ಲಿ ತಂಗಿದ್ದರು. ‘ಬರುವವನು ಮನೆಗೆ ಮರಳಿದವನಂತೆ’ ಎಂಬುದು ಆ ಮನೆಯ ಧ್ಯೇಯವಾಕ್ಯ. ನಾವು ಉಳಿದಿದ್ದ ಮನೆಗಳು ಇವೆರಡಕ್ಕಿಂತ ಚಿಕ್ಕವು, ಅಷ್ಟು ಹೆಸರಿಲ್ಲದವು. ಆದರೂ ಇಂದು ಎಷ್ಟು ಎಲೆ ಎಂದು ನೋಡಿಕೊಂಡೇ ಅಡುಗೆಯವರು ಸಾಮಾನು ತರಿಸುತ್ತಿದ್ದರು. ಇಂಥ ಮನೆಯಲ್ಲಿ ‘ನಮಗೆ ಊಟ ಬೇಡ’ ಎನ್ನುವುದು ಮದುವೆಮನೆಗೆ ಹೋಗಿ ಊಟ ಮಾಡದೆ ಎದ್ದುಬಂದಂತೆ.

ಬಡಿಸುವುದು ಕೈಸೆಕಿ ಎಂಬ, ಒಂದಾದ ಮೇಲೊಂದು ಬಟ್ಟಲು ಬರುವ ಊಟ. ಈ ಒಂದೇ ಉಚ್ಚಾರಣೆಯನ್ನು ಎರಡು ಬಗೆಯಾಗಿ ಬರೆಯುತ್ತಾರೆ. ಒಂದು ಚಹಾಕೂಟಕ್ಕೆ ಮೊದಲು ಕೊಡುವ ಮಿತವಾದ ಊಟ. ಹಸಿವು ತಡೆಯಲು ಸನ್ಯಾಸಿಗಳು ಬಿಸಿ ಕಲ್ಲನ್ನು ಎದೆಗವಚಿಕೊಳ್ಳುತ್ತಿದ್ದರೆಂಬ ಮಾತಿನಿಂದ ಅದರ ಹೆಸರು ಬಂದಿದೆ. ಇನ್ನೊಂದು ಕೂಟದ ಔತಣ. ರಿಯೋಕಾನ್‌ನ ಊಟ ಈ ಎರಡನೆಯದಕ್ಕೆ ಹತ್ತಿರ, ಆದರೆ ಋತುವಿನ ಮೇಲಿನ ನಿಷ್ಠೆಯನ್ನು ಮೊದಲನೆಯದರಿಂದ ಪಡೆದುಕೊಂಡಿದೆ. ಹಸ್ಸುನ್ ಎಂಬ ತಟ್ಟೆಯ ಹೆಸರೇ ಎಂಟು ಸುನ್, ಅಂದರೆ ಸುಮಾರು 24 ಸೆಂಟಿಮೀಟರ್ ಚೌಕ ಎಂಬ ಅಳತೆಯಿಂದ ಬಂದದ್ದು. ಆ ವಾರ ಬೆಟ್ಟದಲ್ಲೂ ಕಡಲಲ್ಲೂ ಏನು ಸಿಕ್ಕಿತೆಂಬುದನ್ನು ಅದರಲ್ಲಿ ತುತ್ತು ತುತ್ತಾಗಿ ಜೋಡಿಸಿರುತ್ತಾರೆ. ನೀವು ಜುಲೈನಲ್ಲಿ, ಗಿಯೊನ್ ಹಬ್ಬದ ಹೊತ್ತಿಗೆ, ಹೋಗುತ್ತಿದ್ದರೆ ನಿಮ್ಮ ತಟ್ಟೆಗೆ ಹಾಮೊ ಎಂಬ ಉದ್ದನೆಯ ಮೀನು ಬರುತ್ತಿತ್ತು. ಅದರ ಮೈತುಂಬ ಕೂದಲಿನಂಥ ಮುಳ್ಳು. ಚರ್ಮ ತುಂಡಾಗದಂತೆ ಮೂರು ಸೆಂಟಿಮೀಟರಿಗೆ ಇಪ್ಪತ್ತನಾಲ್ಕಕ್ಕೂ ಹೆಚ್ಚು ಗೀರು ಹಾಕಿ ಮುಳ್ಳನ್ನು ಸಣ್ಣಗೆ ತುಂಡರಿಸುವುದನ್ನು ಕಲಿಯಲು ಬಾಣಸಿಗರಿಗೆ ವರ್ಷಗಳೇ ಹಿಡಿಯುತ್ತವೆ.

ನಿಮ್ಮ ಪತ್ನಿಗೆ ನಿಜವಾದ ತೊಡಕು ಮೀನಿನ ತುಂಡಿನದಲ್ಲ, ಅದು ಕಣ್ಣಿಗೆ ಕಾಣುತ್ತದೆ, ತೆಗೆದಿಡಬಹುದು. ತೊಡಕಿರುವುದು ದಾಶಿಯಲ್ಲಿ. ಕೊಂಬು ಎಂಬ ಒಣಗಿಸಿದ ಕಡಲಪಾಚಿಯನ್ನೂ ಕತ್ಸುವೊಬುಶಿ ಎಂಬ ಒಣಮೀನಿನ ತೆಳುಹೆರೆಗಳನ್ನೂ ನೀರಿನಲ್ಲಿ ಕಾಯಿಸಿ ಸೋಸಿದ ಈ ತಿಳಿಸಾರು ಜಪಾನಿನ ಅಡುಗೆಗೆ ನಮ್ಮ ಒಗ್ಗರಣೆಗಿಂತಲೂ ಅನಿವಾರ್ಯ. ಬದನೆಕಾಯಿಯನ್ನು ಬೇಯಿಸುವುದು ಅದರಲ್ಲಿಯೇ, ಪಾಲಕ್ ಅದ್ದಿಡುವುದು ಅದರಲ್ಲಿಯೇ, ತೋಫುವಿನ ಜೊತೆ ಕೊಡುವ ಸೋಯಾ ರಸಕ್ಕೆ ಬೆರೆಸುವುದೂ ಅದನ್ನೇ. ಮೊದಲ ಬಾರಿ ಒಂದು ಮನೆಗೆ ನಾನು ‘ಸಸ್ಯಾಹಾರಿ’ ಎಂದಷ್ಟೇ ಬರೆದಿದ್ದೆ. ಅವರು ಪ್ರಾಮಾಣಿಕವಾಗಿ ಹನ್ನೊಂದು ಬಗೆಯ ತರಕಾರಿಯ ಅಡುಗೆ ಮಾಡಿ ತಂದಿಟ್ಟರು. ಮೂರನೆಯ ಬಟ್ಟಲಿನಲ್ಲಿ ಹೊಗೆಯಾಡಿದಂಥ ವಾಸನೆ ಬಂದು ವಿಚಾರಿಸಿದಾಗ, ಎಲ್ಲದಕ್ಕೂ ಮೀನಿನ ದಾಶಿಯೇ ಹಾಕಿದ್ದು ತಿಳಿಯಿತು. ಬಡಿಸುತ್ತಿದ್ದ ಹಿರಿಯ ಹೆಂಗಸು ಚಾಪೆಗೆ ಹಣೆ ತಾಗುವಷ್ಟು ಬಾಗಿ ಕ್ಷಮೆ ಕೇಳಿದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ, ಏಕೆಂದರೆ ಸರಿಯಾಗಿ ಹೇಳದೆ ಹೋದವಳು ನಾನು. ಆ ರಾತ್ರಿ ಅನ್ನ ಮತ್ತು ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದೆ.

ಆದ್ದರಿಂದ ಕಾದಿರಿಸುವ ದಿನವೇ, ಕೊನೆಯ ಪಕ್ಷ ಮೂರು ವಾರ ಮೊದಲು, ಹೀಗೆ ಬರೆಯಿರಿ: ಇಬ್ಬರಲ್ಲಿ ಒಬ್ಬರಿಗೆ ಮಾಂಸ, ಮೀನು, ಚಿಪ್ಪುಜೀವಿ, ಮೊಟ್ಟೆ ಬೇಡ, ಮೀನಿನ ದಾಶಿಯೂ ಬೇಡ, ಕೊಂಬು ಮತ್ತು ಒಣ ಶೀತಾಕೆ ಅಣಬೆಯ ದಾಶಿ ಆಗಬಹುದು, ಹಾಲು, ತುಪ್ಪ ಆಗಬಹುದು. ಜೊತೆಗೆ ‘ಶೋಜಿನ್ ರ್ಯೋರಿ’ ಎಂಬ ಎರಡು ಪದಗಳನ್ನು ಸೇರಿಸಿದರೆ ಅಡುಗೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಅದು ಬೌದ್ಧ ಮಠಗಳ ಅಡುಗೆ. ಕ್ಯೋಟೊ ಅದಕ್ಕೆ ತವರು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲವಾದ್ದರಿಂದ, ನಿಮ್ಮ ಮನೆಯಲ್ಲಿ ಅವನ್ನು ಬಿಟ್ಟವರಿದ್ದರೆ ಅವರಿಗೂ ಅನುಕೂಲವೇ. ಎಲ್ಲ ರಿಯೋಕಾನ್‌ನವರೂ ಇದಕ್ಕೆ ಒಪ್ಪುವುದಿಲ್ಲ. ‘ಆಗುವುದಿಲ್ಲ’ ಎಂದು ನೇರವಾಗಿ ತಿಳಿಸಿದವರ ಮೇಲೆ ಬೇಸರಪಡಬೇಡಿ. ಅರೆಮನಸ್ಸಿನಿಂದ ಒಪ್ಪಿಕೊಳ್ಳುವವರಿಗಿಂತ ಅವರೇ ಮೇಲು.

ಮೂರನೆಯ ಬಾರಿ ಹೋದದ್ದು ಏಪ್ರಿಲ್ ನಡುವಿನಲ್ಲಿ, ಚೆರ್ರಿ ಹೂಗಳು ಉದುರಿ ಜನಸಂದಣಿ ಇಳಿದಿದ್ದಾಗ. ನಿಮಗೂ ಅದೇ ವಾರಗಳನ್ನು ಸೂಚಿಸುತ್ತೇನೆ. 29ರಿಂದ ಅಲ್ಲಿ ಸಾಲು ರಜೆಗಳು ಶುರುವಾಗುತ್ತವೆ, ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಏಪ್ರಿಲ್ ಎಂದರೆ ಕ್ಯೋಟೊದಲ್ಲಿ ಕಳಲೆಯ ಕಾಲ. ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಬರುವ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಡುತ್ತೇವಲ್ಲ, ಅಲ್ಲಿ ಅದನ್ನು ಅಕ್ಕಿಯ ತೌಡಿನೊಂದಿಗೆ ಬೇಯಿಸಿ ಒಗರು ತೆಗೆಯುತ್ತಾರೆ. ನಗರದ ಪಶ್ಚಿಮದ ಬಿದಿರುತೋಪುಗಳಲ್ಲಿ ಚಳಿಗಾಲದಲ್ಲೇ ನೆಲಕ್ಕೆ ಹುಲ್ಲು ಹಾಸಿ ಮೇಲೆ ಮಣ್ಣು ಹರಡಿ, ಮೊಳಕೆ ಬೆಳಕು ಕಾಣುವ ಮೊದಲೇ ಉದ್ದನೆಯ ಸಲಾಕೆಯಿಂದ ಅಗೆದು ತೆಗೆಯುವುದರಿಂದ ಅದು ತೆಂಗಿನ ಎಳೆಗಾಯಿಯಷ್ಟು ಬೆಳ್ಳಗೆ, ಮೆತ್ತಗೆ ಇರುತ್ತದೆ.

ನಮ್ಮಿಬ್ಬರ ಮುಂದೆ ಎರಡು ಅರಗಿನ ಬಟ್ಟಲುಗಳು ಬಂದವು, ಹೊರಗಿನಿಂದ ಒಂದೇ ಬಗೆಯವು. ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡಿತ್ತು. ಬಡಿಸುವಾಕೆ ಬಟ್ಟಲಿನ ಎರಡು ಬದಿಯನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ ತೋರಿಸಿದರು. ಒಳಗೆ ಗಾಳಿ ಹೋದದ್ದೇ ಮುಚ್ಚಳ ತಾನಾಗಿ ಬಿಟ್ಟುಕೊಂಡಿತು, ಅದರ ಒಳಮೈಯಲ್ಲಿ ಹನಿಗಳು ಸಾಲಾಗಿ ನಿಂತಿದ್ದವು. ಯಜಮಾನರ ಬಟ್ಟಲಿನಲ್ಲಿ ತಾಯ್ ಎಂಬ ಮೀನಿನ ತುಂಡು, ನನ್ನದರಲ್ಲಿ ಅದೇ ಆಕಾರದಲ್ಲಿ ಸುತ್ತಿದ ಯುಬ, ಅಂದರೆ ಸೋಯಾಹಾಲು ಕಾಯಿಸಿ ತೆಗೆದ ಕೆನೆ. ಎರಡರ ಮೇಲೂ ಒಂದೊಂದು ಕಿನೋಮೆ ಚಿಗುರು. ಅದನ್ನು ಅಂಗೈಯಲ್ಲಿಟ್ಟು ಒಮ್ಮೆ ಚಪ್ಪಾಳೆ ತಟ್ಟಿ ಹಾಕುತ್ತಾರೆ, ಆಗ ಕಂಪು ಬಿಡುತ್ತದೆ. ನಾಲಗೆಗೆ ತಾಗಿದಾಗ ಪರಿಚಿತವಾದ ಜುಮ್ಮೆನ್ನುವಿಕೆ. ಅದು ಸಾನ್ಶೊ ಗಿಡದ ಚಿಗುರು. ಕರಾವಳಿಯಲ್ಲಿ ತಿರ್ಫಳವೆನ್ನುವ ಜುಮ್ಮನಕಾಯಿಯ ಕುಲಕ್ಕೇ ಸೇರಿದ್ದು. ಕುಮಟೆಯ ನನ್ನ ಅಜ್ಜಿಯ ಅಡುಗೆಮನೆಯನ್ನು ಕ್ಯೋಟೊದ ಒಂದು ಬಟ್ಟಲಿನಲ್ಲಿ ಕಂಡಾಗ ನನಗೆ ಗಂಟಲು ಕಟ್ಟಿತು. ಮೀನಿಲ್ಲದ ದಾಶಿಯ ರುಚಿ ಕಡಿಮೆಯೇ ಎಂದು ತಮ್ಮ ಬಟ್ಟಲನ್ನೂ ನನ್ನದನ್ನೂ ಸವಿದ ಯಜಮಾನರನ್ನು ಕೇಳಿದೆ. ‘ನಿನ್ನದು ಹೆಚ್ಚು ಶಾಂತವಾಗಿದೆ’ ಎಂದರು. ಕೊಂಬುವಿನಲ್ಲೇ ರುಚಿಯ ತಿರುಳಿದೆ. 1908ರಲ್ಲಿ ರಸಾಯನಶಾಸ್ತ್ರಜ್ಞ ಇಕೆದ ಕಿಕುನಾಯೆ ಅದರಿಂದಲೇ ಗ್ಲುಟಮೇಟ್ ಬೇರ್ಪಡಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು.

ಬೆಳಗಿನ ಊಟದಲ್ಲಿ ಎಚ್ಚರ ತಪ್ಪುವುದು ಸುಲಭ. ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಕದಡಿದ ಸಾರಿಗೂ ಮೀನಿನ ದಾಶಿ ಇರುತ್ತದೆ, ಅನ್ನಕ್ಕೆ ಉದುರಿಸಲು ಕೊಡುವ ‘ಚಿರಿಮೆನ್ ಸಾನ್ಶೊ’ ಮಸಾಲೆಯಂತೆ ಕಂಡರೂ ಸಣ್ಣ ಮರಿಮೀನುಗಳಿಂದ ಮಾಡಿದ್ದು. ನಿಮ್ಮ ಪತ್ರದಲ್ಲಿ ಬೆಳಗಿನ ಊಟವನ್ನೂ ಪ್ರತ್ಯೇಕವಾಗಿ ನಮೂದಿಸಿ. ಕೊಂಬು ಹಾಕಿದ ಬಿಸಿನೀರಿನ ತೋಫು ಇದ್ದರೆ ಪತ್ನಿಗೆ ಬೇರೆ ಏನೂ ಬೇಕಾಗದು. ಸಂಜೆ ನಾಲ್ಕರೊಳಗೆ ತಲುಪಿ, ಊಟದ ಹೊತ್ತನ್ನು ಅವರು ನಿಮಿಷ ಹಿಡಿದು ಪಾಲಿಸುತ್ತಾರೆ. ತತಾಮಿ ಚಾಪೆಯ ಮೇಲೆ ಚಪ್ಪಲಿ ಹಾಕಬೇಡಿ, ಹೂವಿಟ್ಟ ಗೂಡಿನಲ್ಲಿ ಸಾಮಾನಿಡಬೇಡಿ, ಮೈ ತೊಳೆದುಕೊಂಡ ಮೇಲೆಯೇ ತೊಟ್ಟಿಗಿಳಿಯಿರಿ. ತಂಗುವವರಿಗೆ ಕೊಡುವ ಯುಕಾತ ಎಂಬ ಹತ್ತಿಯ ನಿಲುವಂಗಿಯನ್ನು ಎಡಸೆರಗು ಮೇಲೆ ಬರುವಂತೆ ಉಡಬೇಕು. ಬಲಸೆರಗನ್ನು ಮೇಲೆ ತರುವುದು ಶವಕ್ಕೆ ಉಡಿಸುವಾಗ.

ಊಟದ ಕೊನೆಗೆ ಕಳಲೆ ಅನ್ನ ಬರುತ್ತದೆ, ಆ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ನಾವು ಅರ್ಧ ಉಳಿಸಿದಾಗ ಬಡಿಸುವಾಕೆ ಏನೂ ಹೇಳದೆ ಒಯ್ದು, ಹಾಸಿಗೆ ಹಾಸಲು ಬಂದಾಗ ಅದನ್ನೇ ನಾಲ್ಕು ಉಂಡೆ ಕಟ್ಟಿ ಬಿದಿರೆಲೆಯಲ್ಲಿ ಸುತ್ತಿ ದೀಪದ ಪಕ್ಕದಲ್ಲಿ ಇಟ್ಟು ಹೋದರು. ನೀವೂ ಉಳಿಸಿದರೆ ಸಂಕೋಚಪಡದೆ ಕೇಳಿ ಕಟ್ಟಿಸಿಕೊಳ್ಳಿ, ರಾತ್ರಿ ಹನ್ನೊಂದರ ಹೊತ್ತಿಗೆ ಹಸಿವಾಗುತ್ತದೆ.