ಕೆಲಸ ಮಾಡಿ ಹಸಿದು ಬಂದಾಗ ಬರೀ ಗಂಜಿ-ಉಪ್ಪಿನಕಾಯಿಯೂ ಅಷ್ಟು ರುಚಿ ಯಾಕೆ?

ಗಂಜಿ ಅದೇ. ಬದಲಾಗಿರುವುದು ನೀವು.

ಹೊಟ್ಟೆ ಖಾಲಿಯಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನ್ ಜಾಸ್ತಿ ಬರುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಪತ್ತೆ ಹಚ್ಚಿದರು. ಇದು ಮೆದುಳಿಗೆ ‘ಊಟ ಎಲ್ಲಿ?’ ಎಂದು ನೆನಪಿಸಿ ಸುಮ್ಮನಾಗುವುದಿಲ್ಲ. ತಿಂದಾಗ ಖುಷಿ ಕೊಡುವ ಭಾಗಗಳನ್ನೂ ಚುರುಕು ಮಾಡುತ್ತದೆ. ಒಗ್ಗರಣೆ ವಾಸನೆ ಬೀದಿ ತುದಿಗೇ ಮೂಗಿಗೆ ಬಡಿಯುವುದು ಹಸಿದಾಗಲೇ.

ಮದುವೆ ಊಟ ನೆನಪಿಸಿಕೊಳ್ಳಿ. ಮೊದಲ ಹೋಳಿಗೆ ತುಪ್ಪದ ಜೊತೆ ಸ್ವರ್ಗ. ಮೂರನೆಯದು ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಅಲ್ವಾ? ಹೋಳಿಗೆಯ ತಪ್ಪೇನಿಲ್ಲ, ಪಾಪ. ಹೊಟ್ಟೆ ತುಂಬಿದಂತೆ ಅದೇ ಸಿಹಿ ಕೊಡುವ ಸುಖ ಇಳಿಯುತ್ತದೆ. ಆಮೇಲೂ ಮಜ್ಜಿಗೆಗೆ ಮಾತ್ರ ಜಾಗ ಇರುತ್ತದೆ, ಯಾಕೆಂದರೆ ಅದು ಬೇರೆ ರುಚಿ.

ಇನ್ನು ದುಡಿಮೆ. ಬಿಸಿಲಲ್ಲಿ ಕಳೆ ಕಿತ್ತರೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಆಗ ಉಪ್ಪಿನದೇ ಬೇಕು ಅನ್ನಿಸುತ್ತದೆ. ಮಾಮೂಲಿ ದಿನ ‘ಉಪ್ಪು ಜಾಸ್ತಿ’ ಎಂದು ಮುಖ ಕಿವುಚುವ ಉಪ್ಪಿನಕಾಯಿಯನ್ನೇ ಅವತ್ತು ಬೆರಳು ನೆಕ್ಕಿ ತಿನ್ನುತ್ತೇವೆ.

ಒಂದು ತಿರುವು ಇದೆ. ಜೋರಾಗಿ ಓಡಿ ಬಂದ ತಕ್ಷಣ ತಟ್ಟೆ ಮುಂದಿಟ್ಟರೆ ಸೇರುವುದಿಲ್ಲ. ಓಡುವಾಗ ರಕ್ತ ಹೊಟ್ಟೆಗಿಂತ ಸ್ನಾಯುಗಳಿಗೆ ಜಾಸ್ತಿ ಹರಿಯುತ್ತದೆ, ಗ್ರೆಲಿನ್ ಕೂಡ ಸ್ವಲ್ಪ ಹೊತ್ತು ತಗ್ಗುತ್ತದೆ. ಕೈಕಾಲು ತೊಳೆದು, ನೀರು ಕುಡಿದು, ಜಗಲಿಯಲ್ಲಿ ಅರ್ಧ ಗಂಟೆ ಕೂತರೆ ಹಸಿವು ತಾನಾಗಿ ಬರುತ್ತದೆ.